ಶಿಷ್ಯವೃತ್ತಿಯೂ ಮುಂದಿನ ಉದ್ಯೋಗವೂ: ಮೇಲಿನ ಇಯತ್ತೆಗಳ ವಿದ್ಯಾರ್ಥಿನಿಯರಿಗೆ

ಪ್ರತಿ ವರ್ಷ ಹತ್ತನೆಯ ಇಯತ್ತೆಯ ಪರೀಕ್ಷೆಯ ಫಲ ಪ್ರಕಟವಾದ ವಾರದಲ್ಲಿ ನಮ್ಮ ಹೈಸ್ಕೂಲಿನ ಕಚೇರಿಗೆ ಬರುವ ಪಾಲಕರು ಎರಡು ಪ್ರಶ್ನೆಗಳನ್ನು ಕೇಳುವರು. ಈ ಹುಡುಗಿಯು ಮುಂದೆ ಏನನ್ನು ಕಲಿಯತಕ್ಕದ್ದು ಎಂಬದು ಒಂದು. ಕಲಿಸುವದಕ್ಕೆ ಹಣವನ್ನು ಎಲ್ಲಿಂದ ತರತಕ್ಕದ್ದು ಎಂಬದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕಾಣದೆ ಮೊದಲನೆಯದನ್ನು ಕೇಳುವದನ್ನೇ ಬಿಟ್ಟ ಮನೆಗಳೂ ಉಂಟು. ಅಂಥ ಮನೆಯ ಹುಡುಗಿಯ ಹೆಸರು ಜೂನ್ ತಿಂಗಳಲ್ಲಿ ಯಾವ ಕಾಲೇಜಿನ ಪಟ್ಟಿಯಲ್ಲಿಯೂ ಕಾಣಿಸುವದಿಲ್ಲ. ಆದದ್ದರಿಂದ ಈ ವಿಷಯವನ್ನು ಒಂದು ಪಾಠದ ರೀತಿಯಲ್ಲಿ ಇಲ್ಲಿ ವಿವರಿಸಬೇಕೆಂದಿರುವೆವು. ನಾವು ಮುಖ್ಯವಾಗಿ ಹೇಳತಕ್ಕದ್ದು ಇಷ್ಟೇ: ಈ ಪ್ರಶ್ನೆಗಳು ಮೇ ತಿಂಗಳಲ್ಲಿ ಕೇಳಲ್ಪಡುತ್ತವೆಯಾದರೂ ಅವುಗಳ ಉತ್ತರವು ಎರಡು ಮೂರು ವರ್ಷ ಮೊದಲೇ, ಹುಡುಗಿಯು ಎಂಟನೆಯ ಇಯತ್ತೆಯಲ್ಲಿದ್ದಾಗಲೇ, ಅರ್ಧಕ್ಕರ್ಧ ನಿಶ್ಚಯವಾಗಿ ಹೋಗಿರುತ್ತದೆ.

ನಮ್ಮ ಭಾಗದ ಹಿರಿಯರು ಶಿಷ್ಯವೃತ್ತಿ ಎಂದು ಕರೆದುದನ್ನೇ ಸರಕಾರದ ಕಾಗದಪತ್ರಗಳು ಈಗ ವಿದ್ಯಾರ್ಥಿವೇತನವೆಂದು ಕರೆಯುತ್ತವೆ. ಹೆಸರು ಯಾವದಾದರೇನು, ಅದು ಭಿಕ್ಷೆಯಲ್ಲ. ಅರ್ಹತೆಯುಳ್ಳವರು ಕೇಳಿ ಪಡೆಯತಕ್ಕ ಹಣವದು. ಕೇಳದವರ ಮನೆಗೆ ಅದು ತಾನಾಗಿ ನಡೆದು ಬರುವದಿಲ್ಲ.

ಕೇಳಿ ಪಡೆಯುವದೆಂದರೇನೆಂಬದಕ್ಕೆ ನಮ್ಮ ಊರಿನೊಡನೆ ಸಂಬಂಧವುಳ್ಳ ಒಬ್ಬ ಸ್ತ್ರೀಯ ಚರಿತ್ರೆಯೇ ಉತ್ತಮವಾದ ದೃಷ್ಟಾಂತವಾಗಿದೆ. ಕಾರ್ನೀಲಿಯಾ ಸೊರಾಬ್ಜಿಯವರು 1866ರಲ್ಲಿ ನಾಶಿಕದಲ್ಲಿ ಹುಟ್ಟಿದರು. ಅವರ ಬಾಲ್ಯದ ಮೊದಲ ಭಾಗವು ಕಳೆದದ್ದು ನಮ್ಮ ಬೆಳಗಾವಿಯಲ್ಲಿ. ತರುವಾಯ ಕುಟುಂಬವು ಪುಣೆಗೆ ಹೋಯಿತು. ಮನೆಯಲ್ಲಿಯೂ ಮಿಶನ್ ಶಾಲೆಗಳಲ್ಲಿಯೂ ಅವರ ಓದು ನಡೆಯಿತು. ಮುಂಬಯಿ ವಿಶ್ವವಿದ್ಯಾಲಯವು 1883ರಲ್ಲಿ ತನ್ನ ಬಾಗಿಲನ್ನು ಸ್ತ್ರೀಯರಿಗೆ ತೆರೆದ ಮೇಲೆ ಅವರು ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದ ಮೊದಲನೆಯ ವಿದ್ಯಾರ್ಥಿನಿಯಾದರು. ಕಡೆಯ ಪರೀಕ್ಷೆಯಲ್ಲಿ ತಮ್ಮ ವರ್ಗಕ್ಕೆಲ್ಲ ಮೊದಲಿಗರಾಗಿ ತೇರ್ಗಡೆಯಾದರು. ಹಾಗೆ ಮೊದಲಿಗರಾದವರಿಗೆ ಇಂಗ್ಲೆಂಡಿನಲ್ಲಿ ಓದನ್ನು ಮುಂದುವರಿಸಲು ಸರಕಾರದ ಶಿಷ್ಯವೃತ್ತಿಯು ಸಲ್ಲಬೇಕಾಗಿತ್ತು. ಆದರೆ ತಾವು ಹೆಂಗಸೆಂಬ ಕಾರಣಕ್ಕೆ ಅದು ದೊರೆಯಲಿಲ್ಲವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಅವರು ಆಗ ಮಾಡಿದ ಕೆಲಸವನ್ನು ನಮ್ಮ ವಿದ್ಯಾರ್ಥಿನಿಯರು ಲಕ್ಷ್ಯವಿಟ್ಟು ನೋಡಬೇಕು. ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ತಾತ್ಪೂರ್ತಿಕ ನೌಕರಿಯನ್ನು ಹಿಡಿದರು. ಇತ್ತ ಇಂಗ್ಲೆಂಡಿನ ನ್ಯಾಶನಲ್ ಇಂಡಿಯನ್ ಅಸೋಸಿಯೇಶನ್ ಎಂಬ ಸಂಸ್ಥೆಗೆ 1888ರಲ್ಲಿ ಪತ್ರ ಬರೆದು ತಮ್ಮ ಸ್ಥಿತಿಯನ್ನು ತಿಳಿಸಿದರು. ಅದರಿಂದ ಮೇರಿ ಹಾಬ್‌ಹೌಸ್, ಅಡಿಲೇಡ್ ಮ್ಯಾನಿಂಗ್ ಮೊದಲಾದವರು ಮುಂದಾಗಿ ಹಣ ಕೂಡಿಸಿದರು. ಹಣ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲರೂ ಸರ್ ವಿಲಿಯಮ್ ವೆಡರ್‌ಬರ್ನರೂ ಇದ್ದರು. 1889ರಲ್ಲಿ ಕಾರ್ನೀಲಿಯಾ ಇಂಗ್ಲೆಂಡನ್ನು ಮುಟ್ಟಿದರು. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ವಿಶೇಷ ಅಪ್ಪಣೆಯ ಮೇಲೆ ಕಾಯದೆಯ ಬಿ. ಸಿ. ಎಲ್. ಪರೀಕ್ಷೆಗೆ ಕುಳಿತರು, ಹಾಗೆ ಕುಳಿತ ಸ್ತ್ರೀಯರಲ್ಲಿ ಅವರೇ ಮೊದಲಿಗರು. ಪದವಿಯು ಕೈಗೆ ಬರಲು ಮಾತ್ರ 1922ರ ವರೆಗೆ, ಅಂದರೆ 30 ವರ್ಷ, ಕಾಯಬೇಕಾಯಿತು. ಭಾರತದಲ್ಲಿ ಸ್ತ್ರೀಯರು ವಕೀಲಿ ನಡೆಸಬಹುದೆಂದು ಕಾಯದೆಯಾದದ್ದು 1923ರಲ್ಲಿ. ಈಗ ಬೆಳಗಾವಿಯ ರಾಜಾ ಲಖಮಗೌಡ ಕಾಯದೆ ಕಾಲೇಜಿನಲ್ಲಿ ಹುಡುಗಿಯರು ಹುಡುಗರ ಸಾಲಿನಲ್ಲಿಯೇ ಕುಳಿತು ಓದುವದನ್ನು ಕಾಣುವ ನಮಗೆ ಇದು ಬಹು ಹಿಂದಿನ ಮಾತೆಂದು ತೋರಬಹುದು.

ಒಂದು ಶಿಷ್ಯವೃತ್ತಿಯ ಬಾಗಿಲು ಮುಚ್ಚಿದಾಗ ಅವರು ಇನ್ನೊಂದನ್ನು ಹುಡುಕಿದರು. ಯಾರಿಗೆ ಬರೆಯಬೇಕೆಂಬದನ್ನು ತಿಳಿದುಕೊಂಡು ಬರೆದರು. ಅಲ್ಲಿಯವರೆಗೆ ಕೈಕಟ್ಟಿ ಕೂಡ್ರದೆ ದುಡಿದರು. ಇಂದಿನ ಹುಡುಗಿಗೆ ಅಂಥ ಅನ್ಯಾಯವು ಅಡ್ಡ ಬರುವದಿಲ್ಲ. ಅನೇಕ ಶಿಷ್ಯವೃತ್ತಿಗಳು ಹೆಣ್ಣುಮಕ್ಕಳಿಗಾಗಿಯೇ ಇರುತ್ತವೆ. ಅಡ್ಡ ಬರುವದು ಬೇರೆ: ನಿಯಮವನ್ನು ತಡವಾಗಿ ತಿಳಿದುಕೊಳ್ಳುವದು.

ಈಗ ಇಯತ್ತೆಯ ಕ್ರಮದಿಂದಲೇ ನೋಡೋಣ. ಕೇಂದ್ರ ಸರಕಾರದ ರಾಷ್ಟ್ರೀಯ ಆದಾಯ ಮತ್ತು ಅರ್ಹತೆಯ ಶಿಷ್ಯವೃತ್ತಿ ಎಂಬುದೊಂದುಂಟು, ಎನ್. ಎಮ್. ಎಮ್. ಎಸ್. ಎಂದು ಎಲ್ಲರೂ ಕರೆಯುವರು. ಇದರ ಪರೀಕ್ಷೆಯು ಎಂಟನೆಯ ಇಯತ್ತೆಯಲ್ಲಿ ಮಾತ್ರ ನಡೆಯುತ್ತದೆ. ಒಂದು ಬುದ್ಧಿಶಕ್ತಿಯ ಪತ್ರಿಕೆ, ಒಂದು ಪಾಠವಿಷಯಗಳ ಪತ್ರಿಕೆ. ಆಯ್ಕೆಯಾದವಳಿಗೆ ಒಂಬತ್ತರಿಂದ ಹನ್ನೆರಡನೆಯ ಇಯತ್ತೆಯ ವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ಪಾಲಕರ ವಾರ್ಷಿಕ ಆದಾಯವು ಮೂರೂವರೆ ಲಕ್ಷವನ್ನು ಮೀರಿರಬಾರದು. ಹುಡುಗಿಯು ಸರಕಾರಿ, ಅನುದಾನಿತ ಇಲ್ಲವೆ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಒಂಬತ್ತನೆಯ ಇಯತ್ತೆಗೆ ಬಂದ ಮೇಲೆ ಇದನ್ನು ಕೇಳಿದ ಹುಡುಗಿಗೆ ನಾವು ಏನು ಹೇಳಬಲ್ಲೆವು? ಇನ್ನೊಂದು ಸೂಕ್ಷ್ಮವೂ ಇದರಲ್ಲಿದೆ. ಹತ್ತನೆಯದು ಮುಗಿದ ಮೇಲೆ ಅನುದಾನವಿಲ್ಲದ ಖಾಸಗಿ ಪಿಯು ಕಾಲೇಜನ್ನು ಸೇರಿದರೆ ಉಳಿದ ಎರಡು ವರ್ಷಗಳ ಹಣವು ನಿಂತುಹೋಗುವದು. ಆ ಕಾಲೇಜಿನವರು ಫೀಯಲ್ಲಿ ಕೊಡುವ ಸೋಡಿಗಿಂತ ಈ ನಷ್ಟವೇ ಹೆಚ್ಚೋ ಕಡಿಮೆಯೋ ಎಂದು ಪಾಲಕರು ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಖಾನಾಪುರ ತಾಲೂಕಿನಿಂದ ಬೆಳಗಾವಿಯ ಶಾಲೆಗೆ ಬರುವ ಹುಡುಗಿಯರ ಮಟ್ಟಿಗೆ ಇದಕ್ಕಿಂತಲೂ ದೊಡ್ಡ ಮಾತೊಂದಿದೆ. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಸರಕಾರದ ಸೀಟುಗಳನ್ನು ಹಂಚುವಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನೂರಕ್ಕೆ 15ನ್ನು ಗ್ರಾಮೀಣ ಅಭ್ಯರ್ಥಿಗಳಿಗೂ, ನೂರಕ್ಕೆ 5ನ್ನು ಕನ್ನಡ ಮಾಧ್ಯಮದವರಿಗೂ ಮೀಸಲಿಡುತ್ತದೆ. ಗ್ರಾಮೀಣ ಎಂಬ ಮಾತಿಗೆ ಹಳ್ಳಿಯಲ್ಲಿ ಮನೆಯುಳ್ಳವಳು ಎಂದು ಅರ್ಥವಲ್ಲ. ಒಂದನೆಯ ಇಯತ್ತೆಯಿಂದ ಹತ್ತನೆಯ ವರೆಗೆ ಪೂರಾ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವಳು ಎಂದರ್ಥ. ಜಾಂಬೋಟಿಯ ಕಡೆಯ ಹುಡುಗಿಯೊಬ್ಬಳು ಏಳನೆಯದನ್ನು ಊರಿನಲ್ಲಿ ಮುಗಿಸಿ ಎಂಟನೆಯದಕ್ಕೆ ಬೆಳಗಾವಿಗೆ ಬಂದರೆ, ಅವಳ ಮನೆ, ಹೊಲ, ತಾಯಿತಂದೆ ಎಲ್ಲವೂ ಹಳ್ಳಿಯಲ್ಲಿದ್ದಾಗ್ಯೂ, ಆ ಮೀಸಲಾತಿಯನ್ನು ಅವಳು ಕಳೆದುಕೊಳ್ಳುವಳು. ನಗರದ ಶಾಲೆಯವರಾದ ನಾವೇ ಇದನ್ನು ಮುದ್ರಿಸುವದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಪ್ರವೇಶಕ್ಕೆ ಬಂದ ದಿನವೇ ಪಾಲಕರಿಗೆ ಇದನ್ನು ತಿಳಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಒಳ್ಳೆಯ ಪ್ರಯೋಗಶಾಲೆ, ವಸತಿ, ಇಂಗ್ಲಿಷ್ ಅಭ್ಯಾಸ ಇವು ತಕ್ಕಡಿಯ ಒಂದು ತಟ್ಟೆಯಲ್ಲಿ. ಆ ನೂರಕ್ಕೆ 15 ಇನ್ನೊಂದರಲ್ಲಿ. ತೂಗಿ ನೋಡಿದ ಮೇಲೆಯೂ ಇಲ್ಲಿಗೇ ಕಳಿಸಿದರೆ ಸಂತೋಷ. ಕನ್ನಡ ಮಾಧ್ಯಮದ ನೂರಕ್ಕೆ 5ಕ್ಕೆ ಊರಿನ ಗೊಡವೆಯಿಲ್ಲ. ಹತ್ತೂ ವರ್ಷ ಕನ್ನಡದಲ್ಲಿ ಓದಿರಬೇಕು, ಅಷ್ಟೇ. ನಡುವೆ ಮಾಧ್ಯಮವನ್ನು ಬದಲಿಸಿದವಳಿಗೆ ಅದೂ ಸಲ್ಲದು.

ಅದೇ ರೀತಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ನು 2025ರಲ್ಲಿ ಕರ್ನಾಟಕದಲ್ಲಿಯೂ ಆರಂಭಿಸಿದ ವರ್ಷಕ್ಕೆ 30,000 ರೂಪಾಯಿಯ ಶಿಷ್ಯವೃತ್ತಿಯು ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಗಳೆರಡನ್ನೂ ಸರಕಾರಿ ಶಾಲೆ ಕಾಲೇಜುಗಳಲ್ಲಿ ಓದಿದ ಹುಡುಗಿಯರಿಗೆ ಮೀಸಲಾದದ್ದು. ಮಿಶನ್ ಶಾಲೆಯ ವಿದ್ಯಾರ್ಥಿನಿಯು ಅದನ್ನು ನೆಚ್ಚಿಕೊಂಡು ಕೂಡ್ರಬಾರದು. ಅವಳು ನೋಡತಕ್ಕವು ಬೇರೆ. ಹತ್ತನೆಯದರಲ್ಲಿ ನೂರಕ್ಕೆ 90 ಪಡೆದು, ಮನೆಯ ಆದಾಯವು ಎರಡು ಲಕ್ಷಕ್ಕಿಂತ ಕಡಿಮೆಯಿದ್ದರೆ ಸರೋಜಿನಿ ದಾಮೋದರನ್ ಫೌಂಡೇಶನ್ನಿನ ವಿದ್ಯಾಧನಕ್ಕೆ ಅರ್ಜಿ ಹಾಕಬಹುದು. ರೈತರ ಮಕ್ಕಳಿಗಾಗಿ ಕರ್ನಾಟಕ ಸರಕಾರವು 2021ರಲ್ಲಿ ರೈತ ವಿದ್ಯಾನಿಧಿಯನ್ನು ಆರಂಭಿಸಿದಾಗ ಪಿಯು ಮತ್ತು ಡಿಪ್ಲೊಮಾ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ಎಂದು ಗೊತ್ತುಮಾಡಿತು. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಹುಡುಗಿಯರಿಗೆ 11,000. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ಕೇಂದ್ರದ ಶಿಷ್ಯವೃತ್ತಿಯು 1944ರಷ್ಟು ಹಳೆಯದು. ನಮ್ಮ ದೇಶದಲ್ಲಿ ಸ್ವಾತಂತ್ರ್ಯಕ್ಕಿಂತಲೂ ಮೊದಲು ಹುಟ್ಟಿ ಇಂದಿಗೂ ನಡೆದಿರುವ ಯೋಜನೆಗಳಲ್ಲಿ ಅದೊಂದು. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಅವರ ಕಲ್ಯಾಣ ಮಂಡಳಿಯಿಂದ ನೆರವಿದೆ. ಗೌಂಡಿ ಕೆಲಸದ ತಂದೆಯು ಆ ನೋಂದಣಿಯ ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮರೆಯಬಾರದು.

ಎರಡನೆಯ ಪಿಯು ಮುಗಿದ ಮೇಲಿನ ಕೇಂದ್ರ ವಲಯದ ಶಿಷ್ಯವೃತ್ತಿಯ ವಿಷಯದಲ್ಲಿ ಒಂದು ಗಣಿತದ ಪಾಠ ಬೇಕು. ಇದಕ್ಕೆ 80ನೆಯ ಪರ್ಸೆಂಟೈಲನ್ನು ದಾಟಿರಬೇಕೆಂದು ನಿಯಮ. ಇದನ್ನು ನೂರಕ್ಕೆ 80 ಗುಣವೆಂದು ತಪ್ಪಾಗಿ ತಿಳಿದು 76 ಪಡೆದ ಹುಡುಗಿಯರು ಅರ್ಜಿಯನ್ನೇ ಹಾಕದಿರುವದುಂಟು. ಅರ್ಥವು ಹಾಗಲ್ಲ. ಆ ಶಾಖೆಯಲ್ಲಿ ತೇರ್ಗಡೆಯಾದವರನ್ನು ಗುಣಗಳ ಕ್ರಮದಿಂದ ಸಾಲಾಗಿ ನಿಲ್ಲಿಸಿದರೆ ಮೇಲಿನ ಐದರಲ್ಲಿ ಒಂದು ಪಾಲಿನೊಳಗೆ ನೀವು ಇರಬೇಕು. ಕಲಾ ಶಾಖೆಯಲ್ಲಿ ಆ ಗೆರೆಯು ಒಂದು ಕಡೆ, ವಿಜ್ಞಾನದಲ್ಲಿ ಮತ್ತೊಂದು ಕಡೆ ಬೀಳುವದು. ಆದಾಯದ ಮಿತಿಯು ನಾಲ್ಕೂವರೆ ಲಕ್ಷ; ಪದವಿಯ ವರ್ಷಗಳಲ್ಲಿ ವರ್ಷಕ್ಕೆ 12,000; ಅರ್ಧದಷ್ಟು ಶಿಷ್ಯವೃತ್ತಿಗಳು ಹೆಣ್ಣುಮಕ್ಕಳಿಗೆ.

ಕಾಗದಪತ್ರಗಳ ಮಾತು ಬೇಸರದ್ದೇ ಸರಿ. ಆದರೆ ಬುದ್ಧಿವಂತೆಯಾದ ಹುಡುಗಿಯ ಹಣವು ನಿಂತುಹೋಗುವದು ಬಹುತರ ಇಲ್ಲಿಯೇ. ಬೆಳಗಾವಿ ಖಾನಾಪುರಗಳಲ್ಲಿ ಒಂದೇ ಮನೆತನದ ಹೆಸರನ್ನು ಕನ್ನಡದಲ್ಲಿ ಒಂದು ಬಗೆ, ಮರಾಠಿಯಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಮೂರು ಬಗೆ ಬರೆಯುವದುಂಟು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಆಧಾರದಲ್ಲಿ ಅಡ್ಡಹೆಸರು ಮೊದಲು, ಬ್ಯಾಂಕಿನ ಪುಸ್ತಕದಲ್ಲಿ ಬರಿಯ ಮೊದಲಕ್ಷರ. ಮನುಷ್ಯನಾದ ಗುಮಾಸ್ತನು ಇವಳೇ ಅವಳೆಂದು ಗುರುತಿಸಿಯಾನು, ಗಣಕಯಂತ್ರವು ಗುರುತಿಸದು. ಈಗಿನ ಶಿಷ್ಯವೃತ್ತಿಗಳೆಲ್ಲ ಆಧಾರವು ಜೋಡಣೆಯಾದ ಬ್ಯಾಂಕು ಖಾತೆಗೇ ನೇರವಾಗಿ ಬರುವದರಿಂದ ಈ ಹೆಸರುಗಳು ಅಕ್ಷರಕ್ಕೆ ಅಕ್ಷರ ಒಂದಾಗಿರಬೇಕು. ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರನ್ನು ಬದಲಿಸುವದು ಬಹು ತೊಡಕಿನ ಕೆಲಸ, ಒಂಬತ್ತನೆಯದರಲ್ಲಿದ್ದಾಗಲೇ ತಿದ್ದಿಸಿಕೊಳ್ಳಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ದೊರೆಯುತ್ತವೆ, ಆದಾಯದ್ದು ಐದು ವರ್ಷ ನಡೆಯುತ್ತದೆ. ಕಣಕುಂಬಿಯ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಭೀಮಗಡದ ಕಾಡಿನೊಳಗಿನ ಹಳ್ಳಿಯವರು ಜುಲೈ ತಿಂಗಳಲ್ಲಿ ಕಚೇರಿಗೆ ಅಲೆಯುವಂತಿಲ್ಲ. ಬೇಸಿಗೆಯಲ್ಲಿಯೇ ಪತ್ರಗಳನ್ನು ಮಾಡಿಸಿಡುವದು ಒಳ್ಳೆಯದು. ರಾಜ್ಯದ ಎಸ್. ಎಸ್. ಪಿ. ಆಗಲಿ ಕೇಂದ್ರದ ಎನ್. ಎಸ್. ಪಿ. ಆಗಲಿ ಅರ್ಜಿಗೆ ಒಂದು ಪೈ ಫೀ ಕೇಳುವದಿಲ್ಲ. ಶಿಷ್ಯವೃತ್ತಿ ಕೊಡಿಸುವೆವೆಂದು ಮುಂಗಡ ಹಣ ಕೇಳುವವನು ಯಾರೇ ಆಗಿರಲಿ, ಅವನನ್ನು ನಂಬತಕ್ಕದ್ದಲ್ಲ.

ಖಾಸಗಿ ಸಂಸ್ಥೆಗಳು ಅರ್ಜಿಯೊಡನೆ ನಿಮ್ಮ ವಿಷಯವಾಗಿ ಒಂದು ಪುಟ ಬರೆಯಲು ಹೇಳುವವು. ಇಲ್ಲಿ ನಮ್ಮ ಹುಡುಗಿಯರು ಎರಡು ಬಗೆಯಲ್ಲಿ ಕೆಡುವರು: ಒಂದೋ ಬಡತನವನ್ನು ಅಳುತ್ತ ಬರೆಯುವರು, ಇಲ್ಲವೆ ಭಾಷಣದ ಪುಸ್ತಕದಿಂದ ದೇಶಸೇವೆಯ ವಾಕ್ಯಗಳನ್ನು ಎತ್ತಿ ಇಡುವರು. ಓದುವವನಿಗೆ ಬೇಕಾದದ್ದು ಸಂಗತಿಗಳು. ತಂದೆಯ ಹೊಲವೆಷ್ಟು, ಶಾಲೆಗೆ ಎಷ್ಟು ದೂರ ನಡೆದಿರಿ, ಯಾವ ವಿಷಯದಲ್ಲಿ ಗುಣಗಳು ಏರಿದವು, ಯಾವದರಲ್ಲಿ ಏಕೆ ಇಳಿದವು, ಯಾವ ಕಾಲೇಜಿನ ಯಾವ ಶಿಕ್ಷಣಕ್ಕೆ ವರ್ಷಕ್ಕೆ ಎಷ್ಟು ಫೀ, ಅದರಲ್ಲಿ ಮನೆಯಿಂದ ಎಷ್ಟು ಕೂಡುವದು, ಕಡಿಮೆ ಬೀಳುವದೆಷ್ಟು. ಈ ಲೆಕ್ಕವನ್ನು ಬರೆಯಬಲ್ಲವಳು ಹಣವನ್ನು ಜೋಕೆಯಿಂದ ಬಳಸಬಲ್ಲಳೆಂದು ಓದುವವನಿಗೆ ತಾನಾಗಿ ತಿಳಿಯುವದು.

ಇನ್ನು ಉದ್ಯೋಗದ ವಿಚಾರ. ಹಿಂದೆ ಮಿಶನ್ ಶಾಲೆಯಲ್ಲಿ ಓದಿದ ಹುಡುಗಿಗೆ ಶಿಕ್ಷಕಿಯ ಕೆಲಸ, ದಾದಿಯ ಕೆಲಸ ಎಂಬ ಎರಡು ಬಾಗಿಲುಗಳೇ ಕಾಣುತ್ತಿದ್ದವು. ಎರಡೂ ಗೌರವದ ಕೆಲಸಗಳೇ. ಮಿರಜದಲ್ಲಿ ಡಾಕ್ಟರ್ ವಾನ್ಲೆಸ್ಸರು 1894ರಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ದಾದಿಯ ವೃತ್ತಿಯು ನಮ್ಮ ಸೀಮೆಗೆ ಪರಿಚಿತವಾಗಿದೆ. ಆದರೆ ಅದನ್ನು ಆರಿಸಿಕೊಳ್ಳುವವಳು ಅದರೊಳಗಿನ ಮೆಟ್ಟಿಲುಗಳನ್ನು ತಿಳಿದಿರಬೇಕು. ಬಿ. ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು, ಪಿಯುದಲ್ಲಿ ವಿಜ್ಞಾನ ಬೇಕು, ಜಿ. ಎನ್. ಎಮ್. ಮೂರು ವರ್ಷದ್ದು, ಕಲಾ ಶಾಖೆಯವರಿಗೂ ತೆರೆದದೆ. ಹತ್ತನೆಯದರ ತರುವಾಯ ಗೆಳತಿಯೊಡನೆ ಕಲಾ ಶಾಖೆ ಸೇರಿ, ಎರಡು ವರ್ಷ ಕಳೆದ ಮೇಲೆ ಬಿ. ಎಸ್ಸಿ. ನರ್ಸಿಂಗ್ ಕೇಳುವವಳಿಗೆ ಮೊದಲನೆಯ ಮೆಟ್ಟಿಲೇ ಇರುವದಿಲ್ಲ.

ಹಣವಿಲ್ಲದ ಆದರೆ ಗಣಿತದಲ್ಲಿ ಚುರುಕಾದ ಹುಡುಗಿಗೆ ನಾವು ಹೆಚ್ಚಾಗಿ ಸೂಚಿಸುವದು ಪಾಲಿಟೆಕ್ನಿಕ್ಕಿನ ದಾರಿಯನ್ನು. ಹತ್ತನೆಯದಾದ ಮೇಲೆ ಮೂರು ವರ್ಷದ ಡಿಪ್ಲೊಮಾ. ಬೇಕಾದರೆ ಅಲ್ಲಿಂದಲೇ ನೌಕರಿ. ಓದುವ ಮನಸ್ಸಿದ್ದರೆ ಪ್ರವೇಶ ಪರೀಕ್ಷೆ ಕೊಟ್ಟು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಪ್ರಗತಿ ಶಿಷ್ಯವೃತ್ತಿಯು ಹುಡುಗಿಯರಿಗಾಗಿಯೇ ಇದ್ದು ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಡಿಪ್ಲೊಮಾದವರಿಗೂ ಪದವಿಯವರಿಗೂ ಅದು ಸಲ್ಲುವದು. ಆದಾಯದ ಮಿತಿ ಎಂಟು ಲಕ್ಷ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳ ವರೆಗೆ. ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನ ದಾರಿಯಲ್ಲಿಯೇ, ಮಚ್ಛೆಯ ಬಳಿಯಲ್ಲಿ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ನಮ್ಮ ನಗರದ ಉದ್ಯಮಬಾಗದಲ್ಲಿ ಎರಕದ ಕಾರಖಾನೆಗಳಿವೆ. ದಿನಾಲು ಕಿಟಕಿಯಿಂದ ನೋಡಿ ಬರುವ ಕಟ್ಟಡದ ಒಳಗೆ ಏನು ನಡೆಯುವದೆಂದು ಕೇಳಿದ ಹುಡುಗಿಯರು ಮಾತ್ರ ಕಡಿಮೆ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಪ್ರಯಾಣವು ಉಚಿತವಾದ ಮೇಲೆ, ರಜೆಯ ಒಂದು ದಿನ ಇಳಿದು ವಿಚಾರಿಸಿ ಬರಲು ಬಸ್ಸಿನ ಖರ್ಚಿನ ನೆವವೂ ಉಳಿದಿಲ್ಲ.

ಉಳಿದವುಗಳನ್ನು ಸಂಕ್ಷೇಪವಾಗಿ ಹೇಳುವೆವು. ಕಾಡಿನ ಸೀಮೆಯ ಹುಡುಗಿಗೆ ಶಿರಸಿಯ ಅರಣ್ಯ ಕಾಲೇಜು ಪರಕೀಯವೆನಿಸಲಾರದು. ಮಣ್ಣಿನ ಕೆಲಸದ ಮನೆತನದವರಿಗೆ ಖಾನಾಪುರದಲ್ಲಿಯೇ ಕುಂಬಾರಿಕೆಯನ್ನು ಕಲಿಸುವ ಕೇಂದ್ರ ಸಂಸ್ಥೆಯುಂಟು. ಸೈನ್ಯವು ಹುಡುಗರ ಪಾಲಿನದೆಂಬ ಭಾವನೆಯೂ ಸಡಿಲುತ್ತಿದೆ: ಸೈನ್ಯದ ಪೊಲೀಸ್ ದಳಕ್ಕೆ ಹುಡುಗಿಯರನ್ನು ಆರಿಸುವ ಮೇಳವು 2019ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ನಡೆಯಿತು, ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಮೊದಲನೆಯ 17 ಮಂದಿ ಹುಡುಗಿಯರು 2025ರ ಮೇ ತಿಂಗಳಲ್ಲಿ ಶಿಕ್ಷಣ ಮುಗಿಸಿ ಹೊರಬಿದ್ದರು.

ದೂರದ ಓದಿಗೂ ಕನ್ನಡನಾಡಿನಲ್ಲಿ ಮೇಲ್ಪಂಕ್ತಿಯಿದೆ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ದಿಲ್ಲಿಯ ಸರಕಾರದ ಶಿಷ್ಯವೃತ್ತಿಗೆ 1946ರಲ್ಲಿ ಆಯ್ಕೆಯಾಗಿ, ಮರುವರ್ಷ ಹಡಗನ್ನೇರಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಏಷಿಯಾದ ಸ್ತ್ರೀಯರಿಗಾಗಿಯೇ ಇರುವ ಬಾರ್ಬರ್ ಶಿಷ್ಯವೃತ್ತಿಯನ್ನೂ ಪಡೆದರು. 1953ರಲ್ಲಿ ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಿಕೆಯಾದರು. ಹಾಗೆ ಮರಳಿ ಬಂದು ಕೆಲವು ವರ್ಷ ದೇಶದಲ್ಲಿ ಕೆಲಸ ಮಾಡಬೇಕೆಂಬದು ಸರಕಾರದ ಶಿಷ್ಯವೃತ್ತಿಯ ಕರಾರೇ ಆಗಿತ್ತು. ಕರಾರುಗಳನ್ನು ಓದದೆ ಸಹಿ ಮಾಡಬಾರದೆಂಬದಕ್ಕಾಗಿ ಇದನ್ನು ಹೇಳಿದೆವು. ಬ್ಯಾಂಕಿನ ಶಿಕ್ಷಣ ಸಾಲವನ್ನು ಕೆಲವರು ಶಿಷ್ಯವೃತ್ತಿಯ ಪಟ್ಟಿಯಲ್ಲಿಯೇ ಸೇರಿಸಿ ಹೇಳುವರು. ಸಾಲವು ತೀರಿಸತಕ್ಕದ್ದು, ಶಿಷ್ಯವೃತ್ತಿಯು ತೀರಿಸತಕ್ಕದ್ದಲ್ಲ. ಎರಡರ ಕಾಗದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿರಿ.

ಶಿಷ್ಯವೃತ್ತಿಯು ಒಮ್ಮೆ ದೊರೆತ ಮೇಲೆ ಎರಡನೆಯ ವರ್ಷ ಮತ್ತೆ ಅರ್ಜಿ ಹಾಕದೆ ಕಳೆದುಕೊಳ್ಳುವವರು ಬಹಳ ಜನ. ನವೀಕರಣವು ಪ್ರತಿ ವರ್ಷ ಬೇಕು. ಹಿಂದಿನ ವರ್ಷದ ಅಂಕಪಟ್ಟಿಯೂ ಬೇಕು. ಹೈಸ್ಕೂಲನ್ನು ಬಿಟ್ಟು ಹೋದ ಹುಡುಗಿಗೆ ಇದನ್ನು ನೆನಪಿಸುವವರು ಕಾಲೇಜಿನಲ್ಲಿ ಇರುವರೆಂದು ಹೇಳಲಾಗದು. ಆದದ್ದರಿಂದ ಪ್ರತಿಯೊಬ್ಬಳೂ ಎಂಟನೆಯ ಇಯತ್ತೆಯಲ್ಲಿಯೇ ಒಂದು ಚಿಕ್ಕ ವಹಿಯನ್ನು ಮಾಡಿಕೊಂಡು, ಅರ್ಜಿಯ ಸಂಖ್ಯೆ, ಗುಪ್ತಶಬ್ದ, ಮುದ್ದತಿನ ತಾರೀಖು, ಬ್ಯಾಂಕು ಖಾತೆ ಇವುಗಳನ್ನು ತನ್ನ ಕೈಯಿಂದಲೇ ಬರೆದಿಡಲಿ. ಅರ್ಜಿ ತುಂಬಿದ ಅಂಗಡಿಯವನ ಫೋನಿನಲ್ಲಿ ಆ ಸಂಖ್ಯೆಗಳು ಇದ್ದರೆ ಸಾಲದು.